ಮಗಳಿಗೊಂದು ಪತ್ರ: ತಟ್ಟೆ ಬರುವ ಮೊದಲೇ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ಆಶೀರ್ವಾದಗಳು. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. 240 ರೂಪಾಯಿಯ ಆಟೋ ಖರ್ಚನ್ನು ಕಚೇರಿಯಲ್ಲಿ ಎಲ್ಲರೂ 500 ಎಂದು ಬರೆಯುತ್ತಾರೆ, ನೀನೊಬ್ಬಳು ಸರಿಯಾಗಿ ಬರೆದರೆ ಉಳಿದವರ ಲೆಕ್ಕ ಬಯಲಾಗುತ್ತದೆ, ಅದಕ್ಕೇ ಊಟಕ್ಕೂ ನಿನ್ನನ್ನು ಕರೆಯುವುದಿಲ್ಲ ಎಂದೆ. “ಅವ್ವಾ, ಲೋಕವೇ ಹೀಗಿರುವಾಗ ನಾನೊಬ್ಬಳು ಏನು ಮಾಡಲಿ?” ಎಂದು ಕೇಳಿ ಫೋನ್ ಇಟ್ಟುಬಿಟ್ಟೆ.

ನಿದ್ದೆ ಬರಲಿಲ್ಲ. ಎದ್ದು ಬೈಬಲಿನ ದಾನಿಯೇಲನ ಗ್ರಂಥ ತೆಗೆದೆ. ಚಿಕ್ಕವಳಿದ್ದಾಗ ನೀನು ದಾನಿಯೇಲನನ್ನು ಸಿಂಹಗಳ ಗವಿಗೆ ಹಾಕಿದ ಕಥೆಯನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಆದರೆ ಆ ಗವಿಗಿಂತ ಎಷ್ಟೋ ವರ್ಷ ಮೊದಲು, ಮೊದಲನೆಯ ಅಧ್ಯಾಯದಲ್ಲೇ, ಒಂದು ಊಟದ ತಟ್ಟೆ ಬರುತ್ತದೆ. ಕ್ರಿ.ಪೂ. 605ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಹಿಡಿದೊಯ್ದ ಹುಡುಗರಲ್ಲಿ ದಾನಿಯೇಲನೂ ಒಬ್ಬ. ಬಾಬೆಲಿನಲ್ಲಿ ಅವನಿಗೆ ಬೇಲ್ತೆಶಚ್ಚರ ಎಂದು ಹೆಸರಿಟ್ಟರು. ಅದಕ್ಕೆ ಅವನು ಜಗಳ ತೆಗೆದನೆಂದು ಬರೆದಿಲ್ಲ. ಮೂರು ವರ್ಷ ಕಸ್ದೀಯರ, ಅಂದರೆ ಬಾಬೆಲಿನವರ, ಭಾಷೆ, ಪಾಂಡಿತ್ಯ ಕಲಿತ. ಅರಸನ ಸೇವೆಗೂ ನಿಂತ. ಆದರೆ ಅರಸನ ಊಟ, ದ್ರಾಕ್ಷಾರಸಗಳಿಂದ ತಾನು ಅಶುದ್ಧನಾಗಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ. ಆ ‘ನಿಶ್ಚಯ’ದ ಕೆಳಗೆ ನಾನು ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ತಟ್ಟೆ ಮುಂದೆ ಬಂದು, ಪರಿಮಳ ಮೂಗಿಗೆ ತಾಗಿದ ಮೇಲೆ ಯೋಚಿಸಲು ಕೂತಿದ್ದರೆ ಅವನೂ ಕೈ ಹಾಕುತ್ತಿದ್ದನೋ ಏನೋ!

ಬೇಡವೆಂದ ರೀತಿಯನ್ನೂ ನೋಡು. ಯಾರಿಗೂ ಉಪದೇಶ ಮಾಡಲಿಲ್ಲ, ತಟ್ಟೆ ದೂಡಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷಿಸಿ ಎಂದು ಮೇಲ್ವಿಚಾರಕನನ್ನು ವಿನಯದಿಂದ ಕೇಳಿಕೊಂಡ. ಒಂಟಿಯಾಗಿಯೂ ಇರಲಿಲ್ಲ, ಹನನ್ಯ, ಮೀಶಾಯೇಲ, ಅಜರ್ಯ ಜೊತೆಗಿದ್ದರು. ನೀನೂ ಭಾನುವಾರದ ಆರಾಧನೆ ಮುಗಿದ ಕೂಡಲೇ ರೂಮಿಗೆ ಓಡಬೇಡ. ಸಭೆಯ ಹುಡುಗಿಯರ ಜೊತೆ ಸ್ವಲ್ಪ ಹೊತ್ತು ಕೂತು ಮಾತನಾಡು.

ನಿನ್ನ ಅಪ್ಪ ಅಂಗಡಿ ಇಟ್ಟ ವರ್ಷ ಒಬ್ಬ ವ್ಯಾಪಾರಿ ತಳದ ಸೀಸ ಕೆರೆದು ತೆಗೆದ ಒಂದು ಕಿಲೋದ ತೂಕದ ಕಲ್ಲು ತಂದಿದ್ದ. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟರು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎನ್ನುವ ಜ್ಞಾನೋಕ್ತಿಯ ಮಾತನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದರು. ಅದರಿಂದ ವ್ಯಾಪಾರ ಬೆಳೆಯಿತು ಎಂದರೆ ಸುಳ್ಳಾಗುತ್ತದೆ, ಮಗಳೇ. ಆ ವ್ಯಾಪಾರಿ ಎರಡು ಅಂತಸ್ತಿನ ಮನೆ ಕಟ್ಟಿದ, ನಾವು ಇಂದಿಗೂ ಹಂಚಿನ ಮನೆಯಲ್ಲೇ ಇದ್ದೇವೆ. ಆದರೆ ಬೇಳೆ ತೂಗುವಾಗ ನಿನ್ನ ಅಪ್ಪ ಗಿರಾಕಿಯ ಮುಖ ನೋಡಿ ತೂಗುತ್ತಾರೆ. ಅದು ನನಗೆ ಸಾಕು.

ಹಾಗೆಂದು ಕೆಲಸ ಬಿಟ್ಟು ಬಾ ಎನ್ನುವುದಿಲ್ಲ. ಅದೇ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನೂ ಒಂದು ಕಾಗದ ಬರೆದಿದ್ದ, ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ಈ ಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಎಂದು ರೋಮಾಪುರದ ಕ್ರೈಸ್ತರಿಗೆ ಬರೆದ ಅಪೊಸ್ತಲ ಪೌಲನೂ ಆ ಊರು ಬಿಟ್ಟು ಓಡಿ ಎನ್ನಲಿಲ್ಲ. ನಿನ್ನನ್ನು ಊಟಕ್ಕೆ ಕರೆಯದವರ ಹೆಸರುಗಳನ್ನು ನನಗೆ ಬರೆದು ಕಳಿಸು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಹೆಸರಿನ ಜೊತೆಗೇ ಪ್ರಾರ್ಥನೆಯಲ್ಲಿ ಅವರನ್ನೂ ನೆನೆಯುತ್ತೇನೆ.

ಬಿಲ್ಲುಗಳನ್ನು ಕೊಡುವುದು 28ಕ್ಕೆ ಅಲ್ಲವೇ? 27ರ ರಾತ್ರಿಯೇ ಫೋನ್ ಮಾಡು. ಅಪ್ಪನೂ ಎದ್ದಿರುತ್ತಾರೆ, ಮೂವರೂ ಕೂಡಿ ಪ್ರಾರ್ಥಿಸೋಣ.

ನಿನ್ನ ಅವ್ವ