ಹಳೇ ಬಂದೂಕಿನ ಒರಿಜಿನಲ್ ಭಾಗಗಳ ದರ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ,

ಬೆಳಗಾವಿಯಿಂದ ನಮಸ್ಕಾರ.

ಬರುವ ದೀಪಾವಳಿ ಪಾಡ್ಯದಿಂದ ನಮ್ಮ ವರ್ಕ್‌ಶಾಪಿನಲ್ಲಿ ಹಳೇ ಮಿಲಿಟರಿ ಬಂದೂಕುಗಳ ದುರಸ್ತಿಗೆ ಬಿಲ್ ಮಾಡುವ ಪದ್ಧತಿ ಬದಲಾಗುತ್ತದೆ. ಇಷ್ಟು ವರ್ಷ ಬಂದೂಕು ನೋಡಿ, ಎಲ್ಲಾ ಸೇರಿ ಇಷ್ಟಾಗುತ್ತದೆ ಅಂತ ಒಂದೇ ಮೊತ್ತ ಹೇಳುತ್ತಿದ್ದೆವು. ಇನ್ನು ಮುಂದೆ ಕೂಲಿ ಬೇರೆ, ಒರಿಜಿನಲ್ ಭಾಗದ ದುಡ್ಡು ಬೇರೆ. ಕೂಲಿಯನ್ನು ಈ ವರ್ಷ ಏರಿಸುವುದಿಲ್ಲ. ಭಾಗದ ದುಡ್ಡನ್ನು ನಮಗೆ ಬಿದ್ದ ದರಕ್ಕೇ, ಖರೀದಿ ಬಿಲ್ ತೋರಿಸಿ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಅರ್ಧವನ್ನು ಆರ್ಡರ್ ಹಾಕುವ ಮೊದಲೇ ಕೊಡಬೇಕಾಗುತ್ತದೆ.

ನಿಮ್ಮಲ್ಲಿ ಎಷ್ಟೋ ಜನ ತಂದೆಯ ಕಾಲದಿಂದ ಇಲ್ಲಿಗೆ ಬರುತ್ತಿರುವವರು. ಸೈನ್ಯದ ಮೆಸ್ಸಿನ ಗೋಡೆಗೆ, ಮ್ಯೂಸಿಯಮ್ಮಿನ ಕಪಾಟಿಗೆ ಬೇಕಾದ ರೈಫಲ್ ತಂದವರಿದ್ದೀರಿ. ವಾಡೆಯ ಅಟ್ಟದಲ್ಲಿದ್ದ ಕೇಪಿನ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ತಂದವರಿದ್ದೀರಿ. ಸುಮ್ನೆ ರೇಟು ಏರಿದೆ ಅಂತ ಬೋರ್ಡು ಹಾಕಿ ಕೂರುವುದು ನಮಗೆ ಸರಿ ಅನ್ನಿಸಲಿಲ್ಲ. ಕಾರಣ ನಿಮಗೆ ಗೊತ್ತಿರಬೇಕು.

ಮೊದಲ ಕಾರಣ ಎಲ್ಲರಿಗೂ ಹೊಳೆಯುವಂಥದ್ದೇ. ಈ ಭಾಗಗಳನ್ನು ಮಾಡುತ್ತಿದ್ದ ಕಾರ್ಖಾನೆಗಳು ಈಗ ಅವನ್ನು ಮಾಡುವುದಿಲ್ಲ. ನಮ್ಮ ಕಡೆ ಎಲ್ಲರೂ ತ್ರೀ ನಾಟ್ ತ್ರೀ ಅಂತಲೇ ಕರೆಯುವ ಲೀ-ಎನ್‌ಫೀಲ್ಡ್ ರೈಫಲ್ಲನ್ನೇ ತೆಗೆದುಕೊಳ್ಳಿ. ಅದರ ಮಾರ್ಕ್ 3 ಮಾದರಿ ಬಂದದ್ದು 1907ರಲ್ಲಿ. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದ ಲಿಥ್‌ಗೋದಲ್ಲಿ, ನಮ್ಮಲ್ಲಿ ಬಂಗಾಳದ ಈಶಾಪುರದಲ್ಲಿ ಇದನ್ನು ಲಕ್ಷಗಟ್ಟಲೆ ತಯಾರಿಸಿದರು. 1962ರ ಚೀನಾ ಯುದ್ಧ ಆದ ಮೇಲೆ ಈಶಾಪುರದವರು ಇದೇ ರೈಫಲ್ಲನ್ನು 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿದರು. ಆಮೇಲೆ ಸೈನ್ಯದ ಕೈಗೆ ಬೇರೆ ರೈಫಲ್ ಬಂತು. ಇವತ್ತು ಸಿಗುವುದೆಲ್ಲ ಆ ಕಾಲದಲ್ಲಿ ಉಗ್ರಾಣದಲ್ಲಿ ಉಳಿದ ಮಾಲು, ಇಲ್ಲವೇ ಹಾಳಾದ ರೈಫಲ್ಲಿನಿಂದ ಬಿಚ್ಚಿದ ಮಾಲು. ತೆಗೆದಷ್ಟೂ ಕಡಿಮೆ ಆಗುತ್ತದೆಯೇ ಹೊರತು ಹೊಸದು ಸೇರುವುದಿಲ್ಲ.

ಅದಕ್ಕೂ ಹಿಂದಿನ ಬಂದೂಕುಗಳದ್ದು ಬೇರೆ ಕಥೆ. 1866ರ ಸ್ನೈಡರ್, 1871ರ ಮಾರ್ಟಿನಿ-ಹೆನ್ರಿ ಇವುಗಳ ಭಾಗ ಕೆಲವು ವರ್ಷ ಧಾರಾಳವಾಗಿ ಸಿಗುತ್ತಿದ್ದವು. ಯಾಕೆಂದರೆ 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೇ ಶಸ್ತ್ರಾಗಾರದ ಮಾಲನ್ನು ಅಮೆರಿಕದ ವ್ಯಾಪಾರಿಗಳು ಒಟ್ಟಾಗಿ ಖರೀದಿಸಿದರು. ಹತ್ತಾರು ಸಾವಿರ ಬಂದೂಕುಗಳು ಒಮ್ಮೆಲೇ ಪೇಟೆಗೆ ಬಂದವು. ಜಗತ್ತಿನ ಎಲ್ಲ ದುರಸ್ತಿಗಾರರೂ ಆ ಕಾಲಕ್ಕೆ ಆರಾಮಾಗಿದ್ದರು. ಅಂಥ ಇನ್ನೊಂದು ಭಂಡಾರ ಈಗ ಎಲ್ಲಿ ತೆರೆಯಬೇಕು? ಅವತ್ತು ಚಿಲ್ಲರೆ ಮಾಲಿನಂತೆ ರಾಶಿ ಹಾಕಿ ಮಾರುತ್ತಿದ್ದ ಲಿವರ್, ನಳಿಗೆ ಒರೆಸುವ ಕಡ್ಡಿ, ಹಿತ್ತಾಳೆಯ ತುಂಡುಗಳನ್ನು ಈಗ ಒಂದೊಂದಾಗಿ ಹರಾಜು ಹಾಕುತ್ತಾರೆ.

ಇನ್ನು ಹೊರದೇಶದಿಂದ ತರಿಸುವ ವಿಷಯ. ನಮ್ಮ ಆಯುಧ ಕಾಯ್ದೆ 1959ರದ್ದು. ಅದರ ಪ್ರಕಾರ ಆಯುಧದ ಭಾಗವೂ ಆಯುಧವೇ. ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ, ಮಾರುವಂತಿಲ್ಲ. ಪರವಾನಗಿ ಇರುವ ಆಮದುದಾರರ ಕೈ ದಾಟಿಯೇ ಬರಬೇಕು. ಪೌಂಡಿನ ಬೆಲೆ, ಸಾಗಾಟ, ಸುಂಕ, ಕಾಗದಪತ್ರದ ಖರ್ಚು ಎಲ್ಲಾ ಸೇರಿದರೆ ಒಂದು ಸಣ್ಣ ಸ್ಪ್ರಿಂಗು ಇಲ್ಲಿಗೆ ಬರುವಷ್ಟರಲ್ಲಿ ಅದರ ಮೂಲ ಬೆಲೆ ಲೆಕ್ಕಕ್ಕೇ ಉಳಿಯುವುದಿಲ್ಲ. ಇದು ಕಿರಿಕಿರಿ ಅಂತ ನಾವು ದೂರುತ್ತಿಲ್ಲ. ಆಯುಧದ ವಿಷಯದಲ್ಲಿ ಕಾನೂನು ಬಿಗಿ ಇರಬೇಕಾದದ್ದೇ. ಆದರೆ ಆ ಖರ್ಚನ್ನು ಅಂದಾಜಿನ ಮೇಲೆ ನಿಮ್ಮ ಬಿಲ್ಲಿಗೆ ಸೇರಿಸುತ್ತಾ ಹೋದರೆ ಒಬ್ಬರಿಗೆ ಜಾಸ್ತಿ ಬೀಳುತ್ತದೆ, ಇನ್ನೊಬ್ಬರಿಗೆ ಕಡಿಮೆ. ಬೇರೆ ಬೇರೆ ಮಾಡಿ ತೋರಿಸುವುದೇ ನ್ಯಾಯ.

ನಮಗೆ ನಿಜವಾಗಿ ಸಂಕಟ ಆಗುವುದು ಇನ್ನೊಂದು ಕಾರಣಕ್ಕೆ. ಈಗ ಇಡೀ ಬಂದೂಕಿಗಿಂತ ಅದನ್ನು ಬಿಚ್ಚಿ ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ. ಹೊರದೇಶದಲ್ಲಿ ಇದೇ ಒಂದು ವ್ಯಾಪಾರವಾಗಿದೆ. ನೂರು ವರ್ಷ ಒಟ್ಟಿಗಿದ್ದ ಬೋಲ್ಟು (ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ), ಅದು ಕೂರುವ ಕಬ್ಬಿಣದ ಬಾಡಿ, ಕಟ್ಟಿಗೆ ಒಂದೇ ದಿನದಲ್ಲಿ ಒಂದೊಂದು ಊರಿಗೆ ಹೋಗುತ್ತವೆ. ಲೀ-ಎನ್‌ಫೀಲ್ಡಿನ ಬೋಲ್ಟನ್ನು ಕಾರ್ಖಾನೆಯಲ್ಲಿ ಅದೇ ರೈಫಲ್ಲಿಗೆ ಕೂಡಿಸಿ, ಎರಡಕ್ಕೂ ಒಂದೇ ನಂಬರ್ ಹೊಡೆಯುತ್ತಿದ್ದರು. ಬೋಲ್ಟಿನ ಹಿಡಿಯ ಹಿಂಭಾಗ ನೋಡಿ, ಆ ನಂಬರ್ ಕಾಣುತ್ತದೆ. ಒಮ್ಮೆ ಬೇರೆಯಾದ ಜೋಡಿಯನ್ನು ಮತ್ತೆ ಹುಡುಕಿ ಸೇರಿಸಲು ಆಗುವುದಿಲ್ಲ.

ನಮ್ಮಲ್ಲೂ ಇಂಥ ಮಾತು ಬಂದಿತ್ತು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದಾದರೂ ಅಷ್ಟೇ. ಆಗ ಮೂರನೆಯದನ್ನು ಬಿಚ್ಚಿ ಭಾಗ ತೆಗೆದುಕೊಳ್ಳುತ್ತೀರಾ ಅಂತ ನಮ್ಮನ್ನು ಕೇಳಿದವರಿದ್ದಾರೆ. ಆಗಲೂ ಇಲ್ಲ ಅಂದೆವು, ಈಗಲೂ ಅದೇ ಉತ್ತರ. ದರ ಎಷ್ಟೇ ಏರಲಿ, ಸರಿಯಾಗಿರುವ ಒಂದು ಹಳೇ ಬಂದೂಕನ್ನು ಒಡೆದು ಇನ್ನೊಂದನ್ನು ರಿಪೇರಿ ಮಾಡುವ ಕೆಲಸ ನಮ್ಮ ವರ್ಕ್‌ಶಾಪಿನಲ್ಲಿ ನಡೆಯುವುದಿಲ್ಲ. ಹಾಗೆ ಒಡೆದು ತಂದ ಮಾಲು ಅಂತ ಗೊತ್ತಾದರೆ ಅದನ್ನು ನಾವು ಕೊಳ್ಳುವುದೂ ಇಲ್ಲ. ಇದರಿಂದ ನಿಮ್ಮ ಕೆಲಸ ತಡವಾಗಬಹುದು. ದಯವಿಟ್ಟು ತಾಳ್ಮೆ ಇರಲಿ.

ಹಾಗಾದರೆ ಖರ್ಚು ಕಡಿಮೆ ಮಾಡುವುದು ಹೇಗೆ? ಮೊದಲು ಕೇಳಬೇಕಾದ ಪ್ರಶ್ನೆ, ಆ ಭಾಗ ನಿಮ್ಮ ಬಂದೂಕಿಗೆ ನಿಜವಾಗಿ ಬೇಕಾ? ಒಂದು ಉದಾಹರಣೆ ಹೇಳುತ್ತೇವೆ. ಮಾರ್ಕ್ 3 ರೈಫಲ್ಲಿನ ಎಡಗಡೆ ಕಟ್ಟಿಗೆಯ ಮೇಲೆ ಒಂದು ಸಣ್ಣ ದುಂಡನೆ ಡಯಲ್ ಇರುತ್ತದೆ. ಬಹಳ ದೂರಕ್ಕೆ ಗುಂಪಾಗಿ ಗುಂಡು ಹಾರಿಸಲು ಇಟ್ಟ ಗುರಿಪಟ್ಟಿ ಅದು, ವಾಲಿ ಸೈಟ್ ಅನ್ನುತ್ತಾರೆ. ಬಲಗಡೆ, ತೋಟಾ ತುಂಬುವ ಪೆಟ್ಟಿಗೆಯಾದ ಮ್ಯಾಗಜೀನಿನ ಮೇಲೆ, ಅದರಿಂದ ತೋಟಾ ಮೇಲೆ ಬರದಂತೆ ತಡೆಯುವ ಕಟ್-ಆಫ್ ಅನ್ನುವ ತೆಳು ತಗಡು. ಇವೆರಡೂ ಈಗ ಬಂಗಾರದ ಬೆಲೆಗೆ ಹೋಗುತ್ತಿವೆ. ಆದರೆ ಮೊದಲ ಮಹಾಯುದ್ಧದ ನಡುವೆ, ಕೆಲಸ ಬೇಗ ಆಗಲಿ ಅಂತ 1916ರಲ್ಲಿ ಇವನ್ನು ಬಿಟ್ಟು ಸರಳವಾದ ಮಾದರಿ ತಂದರು. ಅದರ ಗುರುತು, ಹೆಗಲಿಗೆ ಆನಿಸುವ ಬಟ್ಟಿನ ಕಟ್ಟಿಗೆಯು ಬಾಡಿಯನ್ನು ಸೇರುವ ಕಡೆ, ಬಲಗಡೆ ಕಬ್ಬಿಣದ ಮೇಲೆ ಇರುತ್ತದೆ. ಕಿರೀಟ, ಕಾರ್ಖಾನೆಯ ಹೆಸರು, ಇಸವಿ, ಅದರ ಕೆಳಗೆ ರೋಮನ್ ಅಂಕಿಯ ಮೂರು. ಆ ಮೂರರ ಪಕ್ಕ ಒಂದು ನಕ್ಷತ್ರ ಇದ್ದರೆ ಅದು ಸರಳ ಮಾದರಿ. ಅದಕ್ಕೆ ವಾಲಿ ಸೈಟ್ ಹುಡುಕಿ ಹಾಕುವುದು ದುಡ್ಡಿಗೂ ದಂಡ, ಚರಿತ್ರೆಗೂ ತಪ್ಪು. ಇಲ್ಲದಿರುವುದೇ ಅಲ್ಲಿ ಒರಿಜಿನಲ್, ಅಲ್ವಾ?

ಈಶಾಪುರದ ರೈಫಲ್ಲುಗಳಲ್ಲಿ ಮ್ಯಾಗಜೀನಿನ ಹತ್ತಿರ ಕಟ್ಟಿಗೆಗೆ ಅಡ್ಡಲಾಗಿ ಒಂದು ಸ್ಕ್ರೂ ಕಾಣುವುದೂ ಹೀಗೇ. ಯಾರೋ ಆಮೇಲೆ ಹೊಡೆದ ಸ್ಕ್ರೂ, ತೆಗೆದು ಕಟ್ಟಿಗೆ ಬದಲಿಸಿ ಅಂತ ಕೇಳುವವರಿದ್ದಾರೆ. ಕಟ್ಟಿಗೆ ಸೀಳದಿರಲಿ ಅಂತ ಬಿಗಿದದ್ದು ಅದು. ನಮ್ಮ ದೇಶದ ಕಾರ್ಖಾನೆಯ ಗುರುತಾಗಿ ಜಗತ್ತಿನ ಸಂಗ್ರಾಹಕರೆಲ್ಲ ಅದನ್ನು ಗುರುತಿಸುತ್ತಾರೆ. ಅದನ್ನು ಬಿಟ್ಟುಬಿಡಿ.

ಕಟ್ಟಿಗೆಯ ಕೆಲಸದಲ್ಲಿ ನಾವು ನಿಮಗೆ ಸಹಾಯ ಮಾಡಬಲ್ಲೆವು. ಉದ್ದನೆಯ ಮುಂಗಟ್ಟಿಗೆ, ನಳಿಗೆಯ ಮೇಲಿನ ಹೊದಿಕೆ ಇವು ಒರಿಜಿನಲ್ ಸಿಗುವುದೇ ಕಷ್ಟವಾಗಿದೆ. ಯುದ್ಧ ಮುಗಿದ ಮೇಲೆ ಹೊರದೇಶದಲ್ಲಿ ಬೇಟೆಗೆ ಹಗುರಾಗಲಿ ಅಂತ ಎಷ್ಟೋ ರೈಫಲ್ಲುಗಳ ಕಟ್ಟಿಗೆ ಕೊಯ್ದು ಬಿಸಾಡಿದರು. ಅಕ್ರೋಟ್ ಮರವೂ ಸುಲಭವಲ್ಲ, ಕಾಶ್ಮೀರದಲ್ಲಿ ಅದನ್ನು ಕಡಿಯಲು ಸರ್ಕಾರದ ಅನುಮತಿ ಬೇಕು. ಆದ್ದರಿಂದ ಬಿರುಕು ಬಿಟ್ಟ ಹಳೇ ಕಟ್ಟಿಗೆಯನ್ನು ಆದಷ್ಟು ತೇಪೆ ಹಾಕಿ ಉಳಿಸುತ್ತೇವೆ. ಅದು ಆಗದಿದ್ದರೆ ಮಾತ್ರ ನಮ್ಮ ಬಡಿಗರು ಹೊಸದಾಗಿ ಕೆತ್ತಿಕೊಡುತ್ತಾರೆ. ಬಣ್ಣ, ವಾರ್ನಿಷ್ ಹಾಕುವುದಿಲ್ಲ. ಬ್ರಿಟಿಷರ ಕಾಲದಿಂದಲೂ ಈ ರೈಫಲ್ಲುಗಳಿಗೆ ಅಗಸಿ ಎಣ್ಣೆಯೇ. ಅಗಸಿ ಬೆಳೆಯುವ ನಾಡಿನಲ್ಲೇ ಇದ್ದೇವೆ, ಗಾಣದ ಒಳ್ಳೆಯ ಎಣ್ಣೆ ನಮಗೆ ಸಿಗುತ್ತದೆ. ಬೆಚ್ಚಗೆ ಮಾಡಿ, ಅಂಗೈಯಿಂದ ತಿಕ್ಕಿ, ಆರಲು ಬಿಟ್ಟು, ಮತ್ತೆ ತಿಕ್ಕುತ್ತೇವೆ. ಕಟ್ಟಿಗೆ ಕುಡಿಯುವಷ್ಟು ದಿನ ಈ ಕೆಲಸ ನಡೆಯುತ್ತದೆ.

ನಾವು ಹೊಸದಾಗಿ ಮಾಡಿದ ಪ್ರತಿ ತುಂಡಿನ ಒಳಭಾಗದಲ್ಲಿ ನಮ್ಮ ಗುರುತು ಮತ್ತು ಇಸವಿ ಇರುತ್ತದೆ. ಪಾಡ್ಯದಿಂದ ಇದು ಕಡ್ಡಾಯ. ಹೊಸದನ್ನು ಹಳೆಯದು ಅಂತ ಮಾರುವವರು ಪೇಟೆಯಲ್ಲಿ ಜಾಸ್ತಿ ಆಗಿದ್ದಾರೆ. ನಿಮ್ಮ ಮೊಮ್ಮಕ್ಕಳು ನೋಡಿದಾಗಲೂ ಯಾವುದು ಹಳೆಯದು, ಯಾವುದು ನಮ್ಮ ಕೈಯದು ಅಂತ ಗೊತ್ತಾಗಬೇಕು. ನಳಿಗೆ, ಬೋಲ್ಟ್ ಇಂಥವನ್ನು ಮಾತ್ರ ನಾವು ತಯಾರಿಸುವುದೂ ಇಲ್ಲ, ಬದಲಿಸುವುದೂ ಇಲ್ಲ.

ವಾಡೆಗಳ ಕೇಪಿನ ಬಂದೂಕುಗಳ ಬಗ್ಗೆ ಒಂದು ಮಾತು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯ್ದೆಗೆ ಎದುರು ನಿಂತು ಹಲಗಲಿಯ ಬೇಡರು ಪ್ರಾಣ ಕೊಟ್ಟ ನಾಡು ಇದು. ಬಂದೂಕು ಕಿತ್ತುಕೊಂಡ ಆ ಕಾಲವನ್ನೂ ದಾಟಿ ಮನೆಯಲ್ಲಿ ಒಂದು ಉಳಿದಿದೆ ಅಂದರೆ ಅದಕ್ಕೆ ಹೊಸ ಹೊಳಪು ಬೇಡ. ಹೊಳೆಯುವಂತೆ ಪಾಲಿಶ್ ಮಾಡಿಕೊಡಿ ಅಂದರೆ ನಾವು ಒಪ್ಪುವುದಿಲ್ಲ. ಪಾಲಿಶ್ ಜೊತೆಗೆ ಅದರ ಮೇಲಿನ ಅಕ್ಷರಗಳೂ ಹೋಗುತ್ತವೆ. ತುಕ್ಕು ನಿಲ್ಲಿಸಿ, ಸಡಿಲವಾದದ್ದನ್ನು ಬಿಗಿದು ಕೊಡುತ್ತೇವೆ. ಇದಕ್ಕೆ ಒರಿಜಿನಲ್ ಭಾಗ ಹೆಚ್ಚಾಗಿ ಬೇಕಾಗುವುದೇ ಇಲ್ಲ. ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಈ ಬದಲಾವಣೆ ಕಾಣುವುದೂ ಕಡಿಮೆ.

ದಸರೆಯ ಖಂಡೆ ಪೂಜೆ ಮುಗಿದ ಮೇಲೆ ನಮ್ಮಲ್ಲಿಗೆ ಬರುವ ಬಂದೂಕುಗಳಲ್ಲಿ ಪ್ರತಿ ವರ್ಷ ಒಂದೇ ರೀತಿಯ ಕಲೆ ನೋಡುತ್ತೇವೆ. ಒದ್ದೆ ಕುಂಕುಮ, ಅರಿಷಿಣದ ನೀರು ಕಬ್ಬಿಣದ ಮೇಲೆ ಹಾಗೇ ಉಳಿದು ತುಕ್ಕು ತಿಂದಿರುತ್ತದೆ. ಲಿಂಬೆಹಣ್ಣಿನ ರಸ ಬಿದ್ದಲ್ಲಿ ನಳಿಗೆಯ ಕಪ್ಪು ಬಣ್ಣವೇ ಎದ್ದುಹೋಗಿರುತ್ತದೆ. ಪೂಜೆ ಖಂಡಿತ ಮಾಡಿ. ಕುಂಕುಮವನ್ನು ಒಣಗಿದ್ದನ್ನೇ, ಕಟ್ಟಿಗೆಯ ಮೇಲೆ ಹಚ್ಚಿ. ಲಿಂಬೆಹಣ್ಣನ್ನು ಪಕ್ಕದಲ್ಲಿಡಿ. ಸಂಜೆ ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ಮಷಿನ್ ಎಣ್ಣೆ ಸವರಿ. ಇಷ್ಟು ಮಾಡಿದರೆ ಎಷ್ಟೋ ಮನೆಯವರು ವರ್ಷವರ್ಷ ನಮ್ಮಲ್ಲಿಗೆ ಬರಬೇಕಾಗಿಲ್ಲ.

ಈಗಾಗಲೇ ನಾವು ದರ ಹೇಳಿ ಒಪ್ಪಿಕೊಂಡಿರುವ ಕೆಲಸಗಳಿಗೆ ಹಳೇ ಮೊತ್ತವೇ. ಅದರಲ್ಲಿ ನಮಗೆ ನಷ್ಟ ಬಂದರೂ ಮಾತು ಮಾತೇ. ಮುಂಗಡ ಕೊಟ್ಟ ಮೇಲೆ ಭಾಗ ಸಿಗದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ. ಬಂದ ಭಾಗ ಒರಿಜಿನಲ್ ಅಲ್ಲ ಅಂತ ಕಂಡುಬಂದರೂ ಅಷ್ಟೇ, ಅದನ್ನು ನಿಮ್ಮ ಬಂದೂಕಿಗೆ ಹಾಕುವುದಿಲ್ಲ.

ಹೊಸ ಕೆಲಸ ಇದ್ದವರು ಮೊದಲು ಬಂದೂಕು ತರಬೇಡಿ. ಗುರುತು, ನಂಬರ್, ಮುರಿದ ಜಾಗ ಇವುಗಳ ಫೋಟೋ ಹಿಡಿದುಕೊಂಡು ಬನ್ನಿ, ಲೈಸೆನ್ಸಿನ ಪ್ರತಿ ಜೊತೆಗಿರಲಿ. ಗುಂಡು ಹಾರಿಸಲು ಆಗದಷ್ಟು ಹಳೆಯದು, ಲೈಸೆನ್ಸ್ ಬೇಕಿಲ್ಲ ಅಂತ ನೀವು ಭಾವಿಸಿದ್ದರೂ ಲೈಸೆನ್ಸ್ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ಬನ್ನಿ. ಅದನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಪಾಡ್ಯದ ದಿನ ಅಂಗಡಿಯಲ್ಲಿ ಪೂಜೆ ಮಾತ್ರ, ಕೆಲಸ ಇರುವುದಿಲ್ಲ. ಮರುದಿನ ಬೆಳಗ್ಗೆಯಿಂದ ಹೊಸ ಪದ್ಧತಿಯಲ್ಲಿ ಅಂದಾಜು ಬರೆದುಕೊಡುತ್ತೇವೆ. ಅಂದಾಜಿಗೆ ದುಡ್ಡಿಲ್ಲ.

ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಎಲ್ಲರೂ
ಬೆಳಗಾವಿ