ಕಂಠೀರವದ ಹೊರಗೆ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. 2018ರ ಮಾರ್ಚ್ 17, ಕಂಠೀರವ ಸ್ಟೇಡಿಯಂನಲ್ಲಿ ಐಎಸ್‌ಎಲ್ ಫುಟ್‌ಬಾಲ್ ಫೈನಲ್, ನಮ್ಮ ಬೆಂಗಳೂರು ಎಫ್‌ಸಿಗೂ ಚೆನ್ನೈಯಿನ್ ಎಫ್‌ಸಿಗೂ. 9ನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ತಲೆಯಲ್ಲೇ ಹೆಡರ್ ಗೋಲು ಹೊಡೆದಾಗ ಕಪ್ ನಮ್ಮದೇ ಅಂತ ಕುಣಿದಿದ್ದೆ. ಆಮೇಲೆ ಚೆನ್ನೈಯಿನ್‌ನವರು ಮೂರು ಹೊಡೆದರು, ಅದರಲ್ಲಿ ಎರಡು ಕಾರ್ನರ್ ಕಿಕ್‌ನಿಂದ ಬಂದ ಹೆಡರ್, ಕೊನೆಗೆ 3-2. ಕಾರ್ನರ್ ಅಂದ್ರೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಮ್ನೆ ಹೇಳ್ತಿಲ್ಲ!

ಹೊರಗೆ ಬಂದು ಜೇಬು ಮುಟ್ಟಿದರೆ ಪರ್ಸ್ ಇಲ್ಲ, ಫೋನ್ ಸತ್ತಿದೆ, ತುಮಕೂರಿಗೆ ಹೋಗಬೇಕು, ಸೋತ ಸಂಕಟಕ್ಕೆ ಅಳು ಬೇರೆ. ನೀವೂ ಅತ್ತಿದ್ದಿರಿ, ಕಣ್ಣು ಕೆಂಪಾಗಿತ್ತು. ಆದರೂ ಕುತ್ತಿಗೆಯ ನೀಲಿ ಸ್ಕಾರ್ಫ್‌ನಲ್ಲೇ ಸ್ಕೂಟರ್ ಸೀಟು ಒರೆಸಿ ಹತ್ತಿಸಿಕೊಂಡಿರಿ. ಮೆಜೆಸ್ಟಿಕ್‌ವರೆಗೂ ಇಬ್ಬರೂ ಒಂದು ಮಾತಾಡಲಿಲ್ಲ. ಇಳಿದಾಗ ಕೈಗೆ 200 ರೂಪಾಯಿ ತುರುಕಿ, "ವಾಪಸ್ ಬೇಡ, ಮುಂದಿನ ಸೀಸನ್‌ಗೆ ತಪ್ಪಿಸಬೇಡಿ" ಅಂದಿರಿ.

ತಪ್ಪಿಸಲಿಲ್ಲ ಅಣ್ಣಾ. ಸರಿಯಾಗಿ ಒಂದು ವರ್ಷಕ್ಕೆ, ಅದೇ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ವಿರುದ್ಧ ಎಕ್ಸ್‌ಟ್ರಾ ಟೈಮ್‌ನಲ್ಲಿ ನಮ್ಮ ರಾಹುಲ್ ಭೇಕೆ ಗೋಲು ಹೊಡೆದು ಕಪ್ ಗೆಲ್ಲಿಸಿದರಲ್ಲ, ಅದೂ ಕಾರ್ನರ್‌ನಿಂದಲೇ! ಟಿವಿ ಮುಂದೆ ಕಿರುಚಿದಾಗ ಮೊದಲು ನೆನಪಾಗಿದ್ದು ನೀವೇ.

ತುಂಬಾ ಥ್ಯಾಂಕ್ಸ್. ಆ 200 ಇನ್ನೂ ಬಾಕಿ ಇದೆ. ಕಂಠೀರವದ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲೇ ಇರ್ತೀನಿ, ಬನ್ನಿ.