ಮಗಳಿಗೊಂದು ಪತ್ರ: ಮೊದಲು ನೀರು ಹೋಗುವ ದಾರಿ ನೋಡು

ಪ್ರೀತಿಯ ಮಗಳಿಗೆ,

ಮಳೆಗಾಲಕ್ಕೆ ಇನ್ನೂ ಮೂರು ವಾರ ಇದೆ ಅನ್ನುವಾಗಲೇ ಮನೆ ರಿಪೇರಿಗೆ ಕೈ ಹಾಕಬೇಕು ಕಣೇ. ತಾರಸಿಗೆ ಏನು ಬಳಿಯುವುದಿದ್ದರೂ ಬಿಸಿಲು ಬೇಕು. ಮೊದಲ ಮಳೆ ಬಿದ್ದ ಮೇಲೆ ನೆನಪಾದರೆ ಸೋರುವ ಜಾಗಕ್ಕೆ ಬಕೆಟ್ ಇಡುವುದೊಂದೇ ಗತಿ. ಮನೆಯೂ ಹೊಸದು, ಬೀದಿಯೂ ಹೊಸದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಎಲ್ಲರೂ ತಾರಸಿ ಹತ್ತಿದ ಕೂಡಲೇ ಬಿರುಕು ಹುಡುಕುತ್ತಾರೆ. ನೀನು ನೀರಿಳಿಯುವ ಕಂಡಿಯಿಂದ ಶುರು ಮಾಡು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಮಳೆ ಬಿತ್ತು ಅನ್ನು, 2,000 ಲೀಟರ್ ಆಯಿತು. ಅಷ್ಟೂ ಅಂಗೈಯಗಲದ ಒಂದೆರಡು ಕಂಡಿಯಲ್ಲಿ ಇಳಿದು ಹೋಗಬೇಕು. ಜಾಲರಿಗೆ ನಾಲ್ಕು ತರಗೆಲೆ ಅಂಟಿಕೊಂಡು, ಅದರ ಮೇಲೆ ಪಾಚಿ, ಮಣ್ಣು ಕೂತರೆ ಸಾಕು, ತಾರಸಿ ಕೆರೆಯಾಗುತ್ತದೆ. ಹರಿದು ಹೋಗುವ ನೀರಿಗೆ ಜಗ್ಗದ ಕೂದಲೆಳೆಯಷ್ಟು ಬಿರುಕು ಕೂಡ ನಿಂತ ನೀರಿನ ಅಡಿಯಲ್ಲಿ ಸೋರುತ್ತದೆ. ತಾರಸಿ ಸೋರುತ್ತಿದೆ ಅಂತ ದುಬಾರಿ ಬಣ್ಣ ಹೊಡೆಸುವವರಲ್ಲಿ ಎಷ್ಟೋ ಜನ ಕಂಡಿಯ ಕಸವನ್ನೇ ತೆಗೆದಿರುವುದಿಲ್ಲ.

ಜಾಲರಿ ಎತ್ತಿ, ಕೈಗವಸು ಹಾಕಿಕೊಂಡು ಒಳಗಿನದ್ದನ್ನೆಲ್ಲ ಕೈಯಿಂದಲೇ ತೆಗೆ. ಆಮೇಲೆ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿದು, ಕೆಳಗೆ ಪೈಪಿನ ಬಾಯಲ್ಲಿ ಯಾರನ್ನಾದರೂ ನಿಲ್ಲಿಸು. ನೀರು ಧಾರೆಯಾಗಿ ಬಂದರೆ ಸರಿ. ಗುಳುಗುಳು ಅಂತ ತಡೆತಡೆದು ಬಂದರೆ ಪೈಪು ತಿರುಗುವ ಕಡೆ ಹೂಳು ಕೂತಿದೆ. ಕಬ್ಬಿಣದ ಸರಳು ಹಾಕಿ ಕುಟ್ಟಬೇಡ, ಪಿವಿಸಿ ಪೈಪು ಒಳಗೇ ಸೀಳಿ ಗೋಡೆ ನೆನೆಯಲು ಶುರುವಾಗುತ್ತದೆ. ಹೋಸ್ ಪೈಪನ್ನು ಕೆಳಗಿನಿಂದ ತೂರಿಸಿ ನೀರು ಬಿಟ್ಟರೆ ಹೂಳು ಸಡಿಲವಾಗುತ್ತದೆ.

ಕಂಡಿ ತೆರೆದ ಮೇಲೆ ತಾರಸಿ ತುಂಬ ನೀರು ಹರಿಸಿ ಅರ್ಧ ಗಂಟೆ ಬಿಡು. ಎಲ್ಲೆಲ್ಲಿ ನೀರು ಉಳಿದಿದೆಯೋ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆ. ಕಂಡಿಯ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಇರಬೇಕು. ಗೆರೆಯೊಳಗಿನ ಜಾಗದಲ್ಲಿ ಅದು ಇಲ್ಲ, ಗಾರೆ ಕೆಲಸದವರಿಗೆ ಅದನ್ನೇ ತೋರಿಸು.

ಇನ್ನು ಬಿರುಕು. ತಾರಸಿಯ ನಡುವಿಗಿಂತ ಪ್ಯಾರಾಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆಯಲ್ಲೇ ಸೋರಿಕೆ ಜಾಸ್ತಿ, ಏಕೆಂದರೆ ಬಿಸಿಲಿಗೆ ಎರಡೂ ಒಂದೇ ರೀತಿ ಹಿಗ್ಗುವುದಿಲ್ಲ. ಆ ಮೂಲೆಗೆ ಗಾರೆ ತುಂಬಿ ಗುಂಡಗೆ ಮಾಡಿಸಬೇಕು. ಬಿರುಕಿನ ಮೇಲೆ ಸುಮ್ಮನೆ ಬಳಿದರೆ ಅದು ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಚಾಣದಿಂದ ವಿ ಆಕಾರಕ್ಕೆ ಬಿಡಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ಪೂರ್ತಿ ತೆಗೆದು ಆಮೇಲೆ ತುಂಬಬೇಕು. ವಾಟರ್‌ಪ್ರೂಫ್ ಕೋಟ್ ಎರಡು ಸಲ, ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಎಷ್ಟು ಗಂಟೆ ಬಿಡಬೇಕು ಅನ್ನುವುದು ಡಬ್ಬದ ಮೇಲೇ ಇರುತ್ತದೆ, ಪೇಂಟರು ಹೇಳುವುದಕ್ಕಿಂತ ಅದನ್ನು ನಂಬು. ಕೆಲಸ ಕೆಡುವುದು ಹೆಚ್ಚಾಗಿ ತೇವದಿಂದ: ಒಳಗೆ ಪಸೆ ಇದ್ದಾಗ ಬಳಿದರೆ ಬಿಸಿಲಿಗೆ ಆವಿ ಎದ್ದು ಗುಳ್ಳೆ ಬರುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ತಾರಸಿಗೆ ಅಂಟಿಸಿ 16 ಗಂಟೆ ಬಿಡು. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ ಇನ್ನೂ ಎರಡು ದಿನ ಕಾಯಿ, ಮತ್ತೆ ಅಂಟಿಸಿ ನೋಡು.

ಕರೆಂಟಿನದು ಚಿಕ್ಕ ಕೆಲಸ, ಆದರೆ ಬಿಡಬೇಡ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್, ಇದೆಯಾ ನೋಡು, 30 ಮಿಲಿಆಂಪ್ ಅಂತ ಬರೆದಿರಬೇಕು. ಅದರ ಟೆಸ್ಟ್ ಬಟನ್ ಒತ್ತಿದ ತಕ್ಷಣ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮಳೆ ಬಂದಾಗಲೆಲ್ಲ ತಾನಾಗೇ ಬೀಳುತ್ತಿದ್ದರೆ ಎಲ್ಲೋ ಹೊರಗಿನ ಸ್ವಿಚ್ಚಿಗೋ ಲೈಟಿಗೋ ನೀರು ಹೋಗುತ್ತಿದೆ ಅಂತ ಅರ್ಥ. ಅದನ್ನು ಹುಡುಕಿಸು, ಬೈಪಾಸ್ ಮಾಡಿಸಬೇಡ. ನೀರಿನಲ್ಲಿ ನಿಂತು ಮಾತ್ರ ಮೇನ್ ಸ್ವಿಚ್ ಮುಟ್ಟಬೇಡ.

ಸೊಳ್ಳೆಗೆ ವಾರಕ್ಕೊಂದು ದಿನ ಗೊತ್ತು ಮಾಡಿಕೋ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ಏಳರಿಂದ ಹತ್ತು ದಿನ. ನೀರು ಚೆಲ್ಲಿದರಷ್ಟೇ ಸಾಲದು. ಅದರ ಮೊಟ್ಟೆ ಪಾತ್ರೆಯ ಒಳಮೈಗೆ, ನೀರಿನ ಮಟ್ಟಕ್ಕಿಂತ ಒಂಚೂರು ಮೇಲೆ, ಕರಿ ಚುಕ್ಕೆಯ ಹಾಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಮುಟ್ಟಿದ ದಿನ ಒಡೆಯುತ್ತದೆ. ಹಾಗಾಗಿ ಬ್ರಷ್ ಹಾಕಿ ತಿಕ್ಕು. ಹೂಕುಂಡದ ತಟ್ಟೆ ಎಲ್ಲರಿಗೂ ನೆನಪಿರುತ್ತದೆ, ಫ್ರಿಜ್ಜಿನ ಹಿಂದಿನ ನೀರಿನ ಟ್ರೇ ಯಾರಿಗೂ ಇರುವುದಿಲ್ಲ.

ಮೋರಿಯ ವಿಷಯಕ್ಕೆ ಬಂದರೆ ಕೆಲಸ ನಿನ್ನೊಬ್ಬಳದಲ್ಲ. ನಿಮ್ಮ ಮನೆ ಮುಂದಿನದ್ದನ್ನು ಮಾತ್ರ ತೆಗೆಸಿದರೆ ಹೂಳು ಕೆಳಗಿನ ಮನೆಯ ಮುಂದೆ ಹೋಗಿ ಕೂರುತ್ತದೆ, ನೀರು ಅವರ ಹೊಸ್ತಿಲು ದಾಟುತ್ತದೆ. ಬೀದಿಯವರೆಲ್ಲ ಒಂದು ದಿನ ಗೊತ್ತು ಮಾಡಿ, ನೀರು ಕೊನೆಗೆ ಹೋಗಿ ಸೇರುವ ತುದಿಯಿಂದ ಮೇಲಕ್ಕೆ ತೆಗೆಯುತ್ತ ಬನ್ನಿ. ತೆಗೆದ ಹೂಳನ್ನು ಅದೇ ದಿನ ಸಾಗಿಸಿ. ದಡದಲ್ಲಿ ಗುಡ್ಡೆ ಹಾಕಿಟ್ಟರೆ ಒಂದು ಮಳೆಗೆ ಅಷ್ಟೂ ಮತ್ತೆ ಒಳಗೆ.

ಎಲ್ಲರಿಗೂ ಸೇರಿದ ಬಾವಿ ಇದ್ದರೆ ಬ್ಲೀಚಿಂಗ್ ಪೌಡರನ್ನು ಅಂದಾಜಿಗೆ ಸುರಿಯಲು ಬಿಡಬೇಡ. ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 3.14ರಿಂದಲೂ ಗುಣಿಸಿ, ನಾಲ್ಕರಿಂದ ಭಾಗಿಸು. ಅಳತೆ ಮೀಟರಿನಲ್ಲಿದ್ದರೆ ಬರುವುದು ಘನ ಮೀಟರ್, ಒಂದಕ್ಕೆ 1,000 ಲೀಟರ್. ಪ್ರತಿ 1,000 ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ. ಎರಡು ಮೀಟರ್ ಅಡ್ಡಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 24 ಗ್ರಾಂ, ಅಷ್ಟೇ. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಡು. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಬಕೆಟ್ಟನ್ನು ನೀರಿನೊಳಗೆ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ತಳದ ಸುಣ್ಣ ಬಾವಿಗೆ ಹೋದರೆ ನೀರು ಗಡುಸಾಗುತ್ತದೆ. ಒಂದು ಗಂಟೆ ಯಾರೂ ಸೇದುವ ಹಾಗಿಲ್ಲ. ಮುಚ್ಚಳ ತೆಗೆದಾಗ ಮೂಗಿಗೆ ಅಡರದ ಪೌಡರು ಸತ್ವ ಕಳೆದುಕೊಂಡದ್ದು, ಹಾಕಿ ಪ್ರಯೋಜನವಿಲ್ಲ. ಬಾವಿಗೆ ಹಾಕಿದ್ದೇವಲ್ಲ ಅಂತ ಕುದಿಸುವುದು ಬಿಡಬೇಡ, ಕುಡಿಯುವ ನೀರು ಕೊತಕೊತ ಒಂದು ನಿಮಿಷ ಕುದಿಯಲಿ.

ಬೀದಿಯಲ್ಲಿ ಯಾರಿಗೆ ಏನು ಬೇಕಾದೀತು ಅನ್ನುವ ಪಟ್ಟಿಯನ್ನು ಕಾಗದದ ಮೇಲೆ ಬರೆದಿಡು. ಫೋನಿನ ಚಾರ್ಜು ಮುಗಿಯುವುದೇ ಅದು ಬೇಕಾದ ಹೊತ್ತಿಗೆ. ಒಬ್ಬರೇ ಇರುವ ವಯಸ್ಸಾದವರು, ಮೆಟ್ಟಿಲು ಹತ್ತಲಾರದವರು, ಹಸುಗೂಸು ಇರುವ ಮನೆ, ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರ ಇರುವ ಮನೆ, ಇನ್ಸುಲಿನ್ ತೆಗೆದುಕೊಳ್ಳುವವರು. ಮುಂದೆ ಇನ್ನೆರಡು ಕಲಂ ಇರಲಿ: ಬೀಗದ ಕೈ ಯಾರ ಹತ್ತಿರ, ನೀರು ನುಗ್ಗಿದರೆ ರಾತ್ರಿ ಎಲ್ಲಿ ಮಲಗುತ್ತಾರೆ. ಒಬ್ಬೊಬ್ಬರಿಗೆ ಎರಡೇ ಮನೆ ಹಂಚು, ಹತ್ತು ಮನೆ ಒಪ್ಪಿಕೊಂಡವರು ಒಂದಕ್ಕೂ ಹೋಗುವುದಿಲ್ಲ. ಕರೆಂಟು ಹೋಯಿತೆಂದು ಇನ್ಸುಲಿನನ್ನು ಐಸಿನ ಮೇಲೆ ಇಡಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆ. ಜನರೇಟರ್ ಹೊರಗೇ ಇರಬೇಕು, ಕಿಟಕಿಯಿಂದ ದೂರ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದೇ ಹಾಳೆಯ ಹಿಂದೆ ಬರೆದಿಡು: ಭೇದಿಗೆ ಒಂದು ಲೀಟರ್ ಶುದ್ಧ ನೀರು, ಸಮತಟ್ಟು ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಯಾರ ಮನೆಗಾದರೂ ನೀರು ನುಗ್ಗಿದರೆ ಹಳೆ ಬಟ್ಟೆಯ ಗಂಟು ಹೊತ್ತುಕೊಂಡು ಹೋಗಬೇಡ, ಅದನ್ನು ಒಣಗಿಸುವುದೇ ಅವರಿಗೆ ಇನ್ನೊಂದು ಕೆಲಸ. ಏನು ಬೇಕು ಅಂತ ಕೇಳು. ಹೆಚ್ಚಾಗಿ ಬೇಕಾಗುವುದು ಒಣ ಹೊದಿಕೆ, ಪ್ಯಾಡು, ಪೊರಕೆ, ಮತ್ತೆ ಕೆಸರು ತೆಗೆಯಲು ನಾಲ್ಕು ಕೈ. ಕೆಸರು ಹಸಿಯಿರುವಾಗಲೇ ತೆಗೆಯಬೇಕು, ಒಣಗಿದರೆ ಗುದ್ದಲಿಯೇ ಬೇಕು. ಕಾಲಿಗೆ ಬೂಟು ಇರಲಿ. ಇಲಿಯ ಉಚ್ಚೆ ಬೆರೆತ ನೀರು ಚಿಕ್ಕ ಗಾಯಕ್ಕೆ ತಾಗಿದರೂ ಇಲಿಜ್ವರ ಬರಬಹುದು.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಇನ್ನೊಮ್ಮೆ ತಾರಸಿ ಹತ್ತಿ ಜಾಲರಿ ನೋಡು. ವರ್ಷದ ಧೂಳೆಲ್ಲ ಆ ಒಂದು ಮಳೆಗೇ ಬಂದು ಅಲ್ಲಿ ಕೂತಿರುತ್ತದೆ. ಪಾಚಿ ಜಾರುತ್ತದೆ, ಚಪ್ಪಲಿ ಬಿಟ್ಟು ಹತ್ತು.

ನಿನ್ನ
ಅಮ್ಮ